ಇನುಯಿಟ್ ಊರಿನ ಹಬ್ಬಕ್ಕೆ ಅನುದಾನ: ಮೊದಲ ಸಭೆಯಿಂದ ಕೊನೆಯ ಲೆಕ್ಕದವರೆಗೆ

ಕೆನಡಾದ ಉತ್ತರದ ಊರುಗಳಲ್ಲಿ ಟೀಚರ್, ನರ್ಸ್, ಅಕೌಂಟೆಂಟ್ ಆಗಿ ಕೆಲಸ ಮಾಡುವ ಕನ್ನಡಿಗರು ಆಗಾಗ ಒಂದೇ ಪ್ರಶ್ನೆ ಕೇಳುತ್ತಾರೆ. ಊರಿನ ಇನುಯಿಟ್ ಜನರ (ಆರ್ಕ್ಟಿಕ್ ಪ್ರದೇಶದ ಮೂಲನಿವಾಸಿಗಳು) ಕಮಿಟಿ ಒಂದು ಹಬ್ಬ ಮಾಡಬೇಕು ಅಂತಿದೆ. ಡ್ರಮ್ ಕುಣಿತ, ಹೆಂಗಸರ ಕಂಠಗಾಯನ (ಇಬ್ಬರು ಎದುರುಬದುರು ನಿಂತು ಗಂಟಲಿನಿಂದ ನಾದ ಹೊರಡಿಸುವ ಹಾಡುಗಾರಿಕೆ), ಹಿರಿಯರ ಕಥೆ, ಹೊಲಿಗೆ ಕಲಿಕೆ, ಊರಿಗೆಲ್ಲ ಊಟ ಇರುತ್ತದೆ. ಬೇರೆ ಊರುಗಳಿಂದಲೂ ಜನರನ್ನು ಕರೆಸಬೇಕು. "ನಿಮಗೆ ಫಾರಂ ತುಂಬೋದು ಗೊತ್ತಲ್ವಾ, ಸ್ವಲ್ಪ ನೋಡಿ" ಅಂತ ಕಮಿಟಿಯವರು ಕೇಳಿದ್ದಾರೆ. ದುಡ್ಡು ಎಲ್ಲಿ ಸಿಗುತ್ತದೆ, ಎಲ್ಲಿಂದ ಶುರು ಮಾಡುವುದು?

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ನೀವು ಬರೆಯುವ ಕೈ ಅಷ್ಟೇ. ಏನು ಮಾಡಬೇಕು, ಯಾರನ್ನು ಕರೆಯಬೇಕು, ಯಾವುದನ್ನು ವೇದಿಕೆ ಮೇಲೆ ತರಬಾರದು ಎಂಬುದೆಲ್ಲ ಊರಿನವರ ನಿರ್ಧಾರ. ಮಿಷನರಿಗಳ ಕಾಲದಲ್ಲಿ ಹಲವು ಕಡೆ ಡ್ರಮ್ ಕುಣಿತವನ್ನೂ ಕಂಠಗಾಯನವನ್ನೂ ಬಿಡಿಸಿದ್ದರು. ಹೊರಗಿನವರ ಮಾತಿಗೆ ಕಟ್ಟುಬಿದ್ದು ಕಳೆದುಕೊಂಡಿದ್ದನ್ನು ಜನ ಈಗ ತಾವೇ ಮತ್ತೆ ಕಟ್ಟಿಕೊಳ್ಳುತ್ತಿದ್ದಾರೆ. ಅದಕ್ಕೇ ಹಬ್ಬದ ಹಿಡಿತ ಅವರ ಕೈಯಲ್ಲೇ ಇರಬೇಕು. ಅನುದಾನ ಕೊಡುವವರೂ ಈಗ ಮೊದಲು ಕೇಳುವುದು ಇದನ್ನೇ.

ಮೊದಲು ನಕ್ಷೆ ಗೊತ್ತಿರಲಿ

ಕೆನಡಾದ ಇನುಯಿಟ್ ನಾಡಿಗೆ ಇನುಯಿಟ್ ನುನಾಂಗಟ್ ಎಂಬ ಹೆಸರಿದೆ. ಅದರಲ್ಲಿ ನಾಲ್ಕು ಭಾಗಗಳಿವೆ. ಪಶ್ಚಿಮದಲ್ಲಿ ಇನುವಿಯಾಲುಯಿಟ್ ಪ್ರದೇಶ, ಅಲ್ಲಿ 6 ಊರುಗಳು. ನಡುವೆ ನುನಾವುಟ್, 25 ಊರುಗಳು. ಕ್ವಿಬೆಕ್ ಪ್ರಾಂತ್ಯದ ಉತ್ತರದಲ್ಲಿ ನುನಾವಿಕ್, 14 ಊರುಗಳು. ಲ್ಯಾಬ್ರಡಾರ್ ಕರಾವಳಿಯಲ್ಲಿ ನುನಾಟ್ಸಿಯಾವುಟ್, 5 ಊರುಗಳು. ಪ್ರತಿ ಭಾಗಕ್ಕೂ ಕೇಂದ್ರ ಸರ್ಕಾರದ ಜೊತೆ ಅದರದೇ ಭೂ ಒಪ್ಪಂದ ಇದೆ. ನುನಾವಿಕ್‌ನದು 1975ರದ್ದು, ಇನುವಿಯಾಲುಯಿಟ್‌ನದು 1984ರದ್ದು, ನುನಾವುಟ್‌ನದು 1993ರದ್ದು, ನುನಾಟ್ಸಿಯಾವುಟ್‌ನದು 2005ರದ್ದು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನೀವು ಯಾವ ಭಾಗದಲ್ಲಿದ್ದೀರಿ ಎಂಬುದರ ಮೇಲೆ ನೀವು ತಟ್ಟಬೇಕಾದ ಬಾಗಿಲು ಬದಲಾಗುತ್ತದೆ. ನುನಾವುಟ್‌ನ ಮಾಹಿತಿ ಓದಿಕೊಂಡು ನುನಾವಿಕ್ ಊರಿಗೆ ಅರ್ಜಿ ತಯಾರಿಸಿದರೆ ಪೂರ್ತಿ ಕೆಲಸ ವ್ಯರ್ಥ.

ಹಂತ 1: ತೀರ್ಮಾನ ಯಾರದ್ದು ಎಂಬುದು ಕಾಗದದಲ್ಲಿ ಕಾಣಲಿ

"ಇನುಯಿಟ್ ನೇತೃತ್ವದ ಹಬ್ಬ" ಎಂದು ಅರ್ಜಿಯಲ್ಲಿ ಬರೆದರೆ ಸಾಲದು. ಅದಕ್ಕೆ ಪುರಾವೆ ಬೇಕು. ಕಮಿಟಿಯಲ್ಲಿ ಯಾರಿದ್ದಾರೆ, ಹಣದ ಮೇಲೆ ಸಹಿ ಯಾರದ್ದು, ಕಾರ್ಯಕ್ರಮ ಆರಿಸಿದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧ ಇರಲಿ.

ಮೊದಲು ಒಂದು ಸಭೆ ಕರೆಯಲು ಕಮಿಟಿಯವರಿಗೆ ಹೇಳಿ. ಊರಿನ ರೇಡಿಯೋದಲ್ಲಿ ಪ್ರಕಟಣೆ ಕೊಟ್ಟರೆ ಎಲ್ಲರಿಗೂ ತಲುಪುತ್ತದೆ. ಈಗ ಫೇಸ್‌ಬುಕ್ ಗುಂಪೂ ಇರುತ್ತದೆ, ಆದರೆ ಹಿರಿಯರಿಗೆ ರೇಡಿಯೋನೇ ಸರಿ. ಸಭೆಯಲ್ಲಿ ಆದ ಮಾತನ್ನು ಒಂದು ಪುಟ ಬರೆದಿಡಿ. ಯಾರು ಬಂದಿದ್ದರು, ಏನು ಬೇಕು ಅಂದರು, ಏನು ಬೇಡ ಅಂದರು, ಇಷ್ಟಿದ್ದರೆ ಸಾಕು. ಮುಂದೆ ಅರ್ಜಿಯಲ್ಲಿ "ಈ ಯೋಜನೆ ಹೇಗೆ ಹುಟ್ಟಿತು" ಎಂಬ ಪ್ರಶ್ನೆಗೆ ಈ ಒಂದು ಪುಟವೇ ಉತ್ತರ.

ಸಭೆಗೆ ಭಾಷಾಂತರ ಮಾಡುವವರು ಬೇಕು. ಹಿರಿಯರಲ್ಲಿ ಕೆಲವರು ಇಂಗ್ಲಿಷ್ ಬಲ್ಲವರಾದರೂ ಮನಸ್ಸಿನ ಮಾತು ಬರುವುದು ತಮ್ಮ ಭಾಷೆಯಾದ ಇನುಕ್ಟಿಟುಟ್‌ನಲ್ಲೇ. ಅವರು ನಿಧಾನವಾಗಿ ಮಾತಾಡುತ್ತಾರೆ, ನಡುವೆ ಮೌನ ಇರುತ್ತದೆ. ಆ ಮೌನ ತುಂಬಲು ನೀವು ಬಾಯಿ ಹಾಕಬೇಡಿ.

ಬೆಂಬಲ ಪತ್ರಗಳು ಕಡಿಮೆ ಅಂದರೂ ಮೂರು ಬೇಕಾಗುತ್ತವೆ. ಹ್ಯಾಮ್ಲೆಟ್ ಕಚೇರಿಯಿಂದ ಒಂದು. ಹ್ಯಾಮ್ಲೆಟ್ ಅಂದರೆ ಊರಿನ ಚುನಾಯಿತ ಆಡಳಿತ, ನಮ್ಮ ಗ್ರಾಮ ಪಂಚಾಯಿತಿಯ ಹಾಗೆ. ಅಲ್ಲಿನ ಹಿರಿಯ ಆಡಳಿತ ಅಧಿಕಾರಿಯನ್ನು ಎಲ್ಲರೂ ಎಸ್‌ಎಒ ಅನ್ನುತ್ತಾರೆ. ಹಿರಿಯರ ಸಮಿತಿಯಿಂದ ಇನ್ನೊಂದು. ಶಾಲೆಯಿಂದಲೋ ಬೇಟೆಗಾರರ ಸಂಘದಿಂದಲೋ ಮೂರನೆಯದು. ಮೂರರಲ್ಲೂ ಒಂದೇ ವಾಕ್ಯ ಇದ್ದರೆ ನೀವೇ ಟೈಪ್ ಮಾಡಿಕೊಟ್ಟಿದ್ದು ಅಂತ ಗೊತ್ತಾಗಿಬಿಡುತ್ತದೆ. ಬರೆಯುವವರು ತಮ್ಮ ಮಾತಲ್ಲೇ ಬರೆಯಲಿ, ನಾಲ್ಕು ಸಾಲಾದರೂ ಪರವಾಗಿಲ್ಲ.

ಹಂತ 2: ಹಣ ಯಾರ ಖಾತೆಗೆ ಬರುತ್ತದೆ?

ಒಬ್ಬ ವ್ಯಕ್ತಿಯ ಖಾತೆಗೆ ಹಬ್ಬದ ಹಣ ಹಾಕುವುದಿಲ್ಲ. ಕಮಿಟಿಗೆ ಎರಡು ದಾರಿ ಇವೆ.

ಮೊದಲನೆಯದು, ಸೊಸೈಟಿಯಾಗಿ ನೋಂದಣಿ ಮಾಡಿಸುವುದು. ಅಂದರೆ ಲಾಭಕ್ಕಲ್ಲದ ಸಂಘ. ಪ್ರತಿ ವರ್ಷ ಹಬ್ಬ ನಡೆಸುವ ಆಲೋಚನೆ ಇದ್ದರೆ ಇದೇ ಒಳ್ಳೆಯದು. ಆದರೆ ವಾರ್ಷಿಕ ಸಭೆ, ವಾರ್ಷಿಕ ಲೆಕ್ಕ, ಪದಾಧಿಕಾರಿಗಳ ಪಟ್ಟಿ ತಪ್ಪದೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ನೋಂದಣಿ ಚಾಲ್ತಿಯಲ್ಲಿ ಇರುವುದಿಲ್ಲ. ಅರ್ಜಿ ಹಾಕುವ ಹೊತ್ತಿಗೆ ಇದು ಗೊತ್ತಾದರೆ ಸರಿಪಡಿಸಲು ಸಮಯ ಇರುವುದಿಲ್ಲ. ಹಳೆಯ ಸೊಸೈಟಿಯ ಹೆಸರಲ್ಲಿ ಅರ್ಜಿ ಹಾಕುವುದಾದರೆ ಅದು ಜೀವಂತ ಇದೆಯೇ ಅಂತ ಮೊದಲೇ ವಿಚಾರಿಸಿ.

ಎರಡನೆಯದು, ಹ್ಯಾಮ್ಲೆಟ್ ಅಥವಾ ಇನ್ನೊಂದು ಸಂಸ್ಥೆಯ ಖಾತೆಯ ಮೂಲಕ ಹಣ ಪಡೆಯುವುದು. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅಕೌಂಟ್ಸ್ ನೋಡುವವರು ಅಲ್ಲಿ ಇರುತ್ತಾರೆ, ವಿಮೆ ಇರುತ್ತದೆ. ಇನ್ನೊಂದು ಲಾಭ ಜಿಎಸ್‌ಟಿಯದು. ಕೆನಡಾದಲ್ಲಿ ಜಿಎಸ್‌ಟಿ 5%. ನುನಾವುಟ್‌ನಲ್ಲಿ ಅದರ ಮೇಲೆ ಬೇರೆ ಮಾರಾಟ ತೆರಿಗೆ ಇಲ್ಲ. ಸ್ಥಳೀಯ ಆಡಳಿತ ಸಂಸ್ಥೆಗೆ ಕಟ್ಟಿದ ಜಿಎಸ್‌ಟಿ ಪೂರ್ತಿ ವಾಪಸ್ ಬರುತ್ತದೆ. ಅರ್ಹ ಲಾಭರಹಿತ ಸಂಘಕ್ಕೆ ಅರ್ಧ ಮಾತ್ರ. ವಾಪಸ್ ಬರುವ ತೆರಿಗೆಯನ್ನು ಖರ್ಚು ಅಂತ ತೋರಿಸುವಂತಿಲ್ಲ, ಆದ್ದರಿಂದ ಬಜೆಟ್ ಹಾಕುವ ಮೊದಲೇ ಯಾರ ಖಾತೆ ಎಂಬುದು ತೀರ್ಮಾನವಾಗಿರಬೇಕು.

ಎಚ್ಚರಿಕೆ: ಖಾತೆ ಕೊಡುವ ಸಂಸ್ಥೆ ಮತ್ತು ಕಮಿಟಿ ನಡುವೆ ಒಂದು ಪುಟದ ಬರಹದ ಒಪ್ಪಂದ ಇರಲಿ. ಆಡಳಿತ ವೆಚ್ಚ ಅಂತ ಎಷ್ಟು ಹಿಡಿಯುತ್ತಾರೆ, ಬಿಲ್ ಕೊಟ್ಟ ಎಷ್ಟು ದಿನದಲ್ಲಿ ಚೆಕ್ ಕೊಡುತ್ತಾರೆ, ಕಾರ್ಯಕ್ರಮದ ತೀರ್ಮಾನ ಕಮಿಟಿಯದ್ದೇ ಎಂಬುದು ಅದರಲ್ಲಿ ಸ್ಪಷ್ಟ ಇರಲಿ. ಇದಿಲ್ಲದೆ ಹಬ್ಬದ ವಾರದಲ್ಲಿ ಮನಸ್ತಾಪ ಆಗುವುದು ಜಾಸ್ತಿ.

ಹಂತ 3: ದಿನ ಗೊತ್ತು ಮಾಡುವುದು

ಇದು ಸುಲಭ ಅನಿಸುತ್ತದೆ, ಆದರೆ ಅರ್ಧ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ ಅಂತ ನನ್ನ ಅನಿಸಿಕೆ. ನೋಡಬೇಕಾದ ಕ್ಯಾಲೆಂಡರ್ ಎರಡು.

ಒಂದು ಊರಿನ ಕ್ಯಾಲೆಂಡರ್. ವಸಂತದಲ್ಲಿ ಹಿಮ ಗಟ್ಟಿ ಇದ್ದು ಹಗಲು ಉದ್ದವಾದಾಗ ಜನ ಕ್ಯಾಂಪಿಗೆ, ಮೀನಿಗೆ ಹೊರಡುತ್ತಾರೆ. ಬೇಟೆಯ ದಿನಗಳಲ್ಲೂ ಊರು ಖಾಲಿ. ಆಗ ಹಬ್ಬ ಇಟ್ಟರೆ ಸಭಾಂಗಣದಲ್ಲಿ ಹೊರಗಿನವರೇ ಕೂತಿರುತ್ತಾರೆ. ಈಗ ನಡೆಯುತ್ತಿರುವ ಹಬ್ಬಗಳನ್ನು ನೋಡಿದರೆ ಋತುವಿನ ಲೆಕ್ಕ ತಿಳಿಯುತ್ತದೆ. ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ನ ಟೂನಿಕ್ ಟೈಮ್ ಹಬ್ಬ 1965ರಿಂದ ಇದೆ, ಏಪ್ರಿಲ್‌ನಲ್ಲಿ ನಡೆಯುತ್ತದೆ. ಅದೇ ಊರಿನ ಅಲಿಯಾನೈಟ್ ಕಲಾ ಉತ್ಸವ 2005ರಲ್ಲಿ ಶುರುವಾಯಿತು, ಅದು ಬೇಸಿಗೆಯ ಆರಂಭಕ್ಕೆ. ಇಗ್ಲೂಲಿಕ್‌ನವರು ಜನವರಿಯಲ್ಲಿ ಸೂರ್ಯ ಮರಳಿ ಕಾಣಿಸಿಕೊಳ್ಳುವುದನ್ನು ಆಚರಿಸುತ್ತಾರೆ. ಇನುವಿಕ್‌ನ ಗ್ರೇಟ್ ನಾರ್ದರ್ನ್ ಆರ್ಟ್ಸ್ ಫೆಸ್ಟಿವಲ್ 1989ರಿಂದ ಜುಲೈನಲ್ಲಿ. ನುನಾವಿಕ್‌ನ ಕೂಜ್ಜುವಾಕ್ ಊರಿನ ಅಕ್ಪಿಕ್ ಜಾಮ್ ಸಂಗೀತೋತ್ಸವ ಅಕ್ಪಿಕ್ ಎಂಬ ಹಣ್ಣು ಬಿಡುವ ಆಗಸ್ಟ್‌ನಲ್ಲಿ.

ಇನ್ನೊಂದು ಸರ್ಕಾರದ ಕ್ಯಾಲೆಂಡರ್. ಕೆನಡಾ ಸರ್ಕಾರದ ಹಣಕಾಸು ವರ್ಷ ಭಾರತದ ಹಾಗೇ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಹಬ್ಬ ಏಪ್ರಿಲ್‌ನಲ್ಲಿ ಇದ್ದರೆ ಟಿಕೆಟ್, ಸಾಮಾನು ಕೊಳ್ಳುವುದು ಫೆಬ್ರವರಿ ಮಾರ್ಚ್‌ನಲ್ಲಿ. ಅಂದರೆ ಖರ್ಚು ಒಂದು ವರ್ಷದಲ್ಲಿ, ಹಬ್ಬ ಇನ್ನೊಂದು ವರ್ಷದಲ್ಲಿ. ಹೊಸ ವರ್ಷದ ಹಣದಿಂದ ಹಳೆಯ ವರ್ಷದ ಬಿಲ್ ಕೊಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಏಪ್ರಿಲ್ ಹಬ್ಬಕ್ಕೆ ಎರಡೂ ವರ್ಷಗಳ ಖರ್ಚನ್ನು ಬೇರೆ ಬೇರೆ ತೋರಿಸಿ ಅರ್ಜಿ ಹಾಕಬೇಕು, ಅದಕ್ಕೂ ಮೊದಲು ಕಾರ್ಯಕ್ರಮ ಅಧಿಕಾರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಬೇಕು.

ಸಾಮಾನು ಹಡಗಿನಲ್ಲಿ ತರಿಸುವುದಾದರೆ ಅದಕ್ಕೂ ಲೆಕ್ಕ ಇದೆ. ಸೀಲಿಫ್ಟ್ ಅಂದರೆ ಸಮುದ್ರದ ಹಿಮ ಕರಗಿದ ಮೇಲೆ ಬರುವ ಸರಕು ಹಡಗು. ಅದು ಬರುವುದು ಬೇಸಿಗೆಯಿಂದ ಶರತ್ಕಾಲದ ಒಳಗೆ ಮಾತ್ರ. ಚಳಿಗಾಲದ ಹಬ್ಬಕ್ಕೆ ಬೇಕಾದ ಕುರ್ಚಿ, ಟೆಂಟ್, ಧ್ವನಿ ಉಪಕರಣ ಹಿಂದಿನ ಬೇಸಿಗೆಯಲ್ಲೇ ಬಂದಿರಬೇಕು. ತಪ್ಪಿದರೆ ವಿಮಾನದ ಸರಕು ದರ ಕೊಡಬೇಕಾಗುತ್ತದೆ.

ಒಟ್ಟಿನಲ್ಲಿ ಹಬ್ಬಕ್ಕೆ ಒಂದೂವರೆ ವರ್ಷ ಮೊದಲು ಕೆಲಸ ಶುರು ಮಾಡಿ.

ಹಂತ 4: ಯಾರನ್ನು ಕೇಳಬೇಕು?

ಒಂದೇ ಕಡೆಯಿಂದ ಪೂರ್ತಿ ಹಣ ಸಿಗುವುದು ಅಪರೂಪ. ಮೂರು ನಾಲ್ಕು ಕಡೆ ಕೇಳಬೇಕು. ನಾನು ಹೇಳುವ ಕ್ರಮ ಇದು: ಮೊದಲು ಊರು, ಆಮೇಲೆ ಇನುಯಿಟ್ ಸಂಸ್ಥೆ, ನಂತರ ಪ್ರಾಂತ್ಯ ಅಥವಾ ಟೆರಿಟರಿ (ನಮ್ಮ ಕೇಂದ್ರಾಡಳಿತ ಪ್ರದೇಶದ ಹಾಗೆ) ಸರ್ಕಾರ, ಕೊನೆಗೆ ಒಟ್ಟಾವಾ, ಅಂದರೆ ಕೇಂದ್ರ ಸರ್ಕಾರ. ಜನ ಇದನ್ನು ತಲೆಕೆಳಗು ಮಾಡುತ್ತಾರೆ, ದೊಡ್ಡ ಮೊತ್ತ ಕಂಡು ಮೊದಲು ಒಟ್ಟಾವಾಗೆ ಬರೆಯುತ್ತಾರೆ. ಆದರೆ ಒಟ್ಟಾವಾದವರು ಕೇಳುವುದೇ "ಊರಿನಿಂದ ಏನು ಬಂದಿದೆ" ಅಂತ.

*ಇನುಯಿಟ್ ಸಂಸ್ಥೆಗಳು.* ನುನಾವುಟ್‌ನಲ್ಲಿ ಮೂರು ಪ್ರಾದೇಶಿಕ ಸಂಘಗಳಿವೆ: ಪೂರ್ವದಲ್ಲಿ ಕಿಕಿಕ್ತಾನಿ, ನಡುವೆ ಕಿವಲ್ಲಿಕ್, ಪಶ್ಚಿಮದಲ್ಲಿ ಕಿಟಿಕ್ಮಿಯಾಟ್. ನಿಮ್ಮ ಊರು ಯಾವುದರಲ್ಲಿದೆಯೋ ಅಲ್ಲಿ ಕೇಳಿ. ಇಡೀ ನುನಾವುಟ್‌ಗೆ ನುನಾವುಟ್ ಟುಂಗಾವಿಕ್ ಸಂಸ್ಥೆ ಇದೆ. ನುನಾವಿಕ್‌ನಲ್ಲಿ ಮಕಿವಿಕ್ ಮತ್ತು ಸಂಸ್ಕೃತಿಗೆಂದೇ ಇರುವ ಅವಟಾಕ್ ಸಂಸ್ಥೆ. ಪಶ್ಚಿಮದಲ್ಲಿ ಇನುವಿಯಾಲುಯಿಟ್ ರೀಜನಲ್ ಕಾರ್ಪೊರೇಷನ್. ಲ್ಯಾಬ್ರಡಾರ್‌ನಲ್ಲಿ ನುನಾಟ್ಸಿಯಾವುಟ್ ಸರ್ಕಾರ. ಇನುಯಿಟ್ ಟಪಿರಿಯಿಟ್ ಕನಾಟಮಿ, ಚಿಕ್ಕದಾಗಿ ಐಟಿಕೆ, ಎಲ್ಲಕ್ಕಿಂತ ಹೆಸರುವಾಸಿ. 1971ರಲ್ಲಿ ಹುಟ್ಟಿದ ಈ ಸಂಸ್ಥೆ ಇನುಯಿಟ್ ಜನರ ರಾಷ್ಟ್ರೀಯ ದನಿ. ಆದರೆ ಊರಹಬ್ಬಕ್ಕೆ ಹಣ ಹಂಚುವುದು ಅದರ ಮುಖ್ಯ ಕೆಲಸ ಅಲ್ಲ. ಮೊದಲ ಪತ್ರ ಅಲ್ಲಿಗೆ ಬರೆದು ತಿಂಗಳುಗಟ್ಟಲೆ ಕಾಯಬೇಡಿ.

*ಪ್ರಾಂತ್ಯ, ಟೆರಿಟರಿ.* ನುನಾವುಟ್ ಸರ್ಕಾರದ ಸಂಸ್ಕೃತಿ ಮತ್ತು ಪರಂಪರೆ ಇಲಾಖೆ ಹಿರಿಯರು, ಯುವಕರು, ಭಾಷೆ, ಪರಂಪರೆ ಎಂಬ ಬೇರೆ ಬೇರೆ ತಲೆಬರಹದಲ್ಲಿ ನೆರವು ಕೊಡುತ್ತದೆ. ಹಬ್ಬದೊಳಗಿನ ಒಂದು ಭಾಗಕ್ಕೆ, ಉದಾಹರಣೆಗೆ ಹಿರಿಯರು ಮಕ್ಕಳಿಗೆ ಡ್ರಮ್ ಮಾಡುವುದನ್ನು ಕಲಿಸುವ ಮೂರು ದಿನದ ಶಿಬಿರಕ್ಕೆ, ಇಲ್ಲಿ ಕೇಳುವುದು ಜಾಣತನ. ಪಶ್ಚಿಮದವರಿಗೆ ವಾಯವ್ಯ ಟೆರಿಟರಿಯ ಕಲಾ ಮಂಡಳಿ, ನುನಾವಿಕ್‌ನವರಿಗೆ ಕ್ವಿಬೆಕ್‌ನ ಕಲಾ ಮಂಡಳಿ, ಲ್ಯಾಬ್ರಡಾರ್‌ನವರಿಗೆ ಆರ್ಟ್ಸ್‌ಎನ್‌ಎಲ್ ಇದೆ.

*ಕೇಂದ್ರ ಸರ್ಕಾರ.* ಇಲ್ಲಿ ನಾಲ್ಕು ಹೆಸರು ನೆನಪಿಡಿ.

ಕೆನಡಿಯನ್ ಹೆರಿಟೇಜ್ ಇಲಾಖೆಯ "ಸೆಲೆಬ್ರೇಟ್ ಕೆನಡಾ" ಯೋಜನೆ ಜೂನ್ 21ರಿಂದ ಜುಲೈ 1ರ ನಡುವಿನ ಆಚರಣೆಗಳಿಗೆ. ಜೂನ್ 21 ಮೂಲನಿವಾಸಿಗಳ ರಾಷ್ಟ್ರೀಯ ದಿನ, ಆದ್ದರಿಂದ ಒಂದು ದಿನದ ಚಿಕ್ಕ ಹಬ್ಬಕ್ಕೆ ಇದು ಸರಿಹೊಂದುತ್ತದೆ. ಕೊನೆಯ ದಿನಾಂಕ ಹಿಂದಿನ ವರ್ಷದ ಶರತ್ಕಾಲದಲ್ಲೇ ಬರುತ್ತದೆ. ಮೇ ತಿಂಗಳಲ್ಲಿ ಎಚ್ಚರವಾದರೆ ಆಗುವುದಿಲ್ಲ. ನುನಾವುಟ್ ದಿನ ಜುಲೈ 9ಕ್ಕೆ, ಅದು ಈ ಅವಧಿಯ ಹೊರಗೆ.

ಅದೇ ಇಲಾಖೆಯ ಸ್ಥಳೀಯ ಉತ್ಸವಗಳ ಯೋಜನೆ ಮತ್ತೆ ಮತ್ತೆ ನಡೆಯುವ ಹಬ್ಬಗಳಿಗೆ. ಸ್ಥಳೀಯ ಕಲಾವಿದರು ಇರಬೇಕು, ಎಲ್ಲರಿಗೂ ತೆರೆದಿರಬೇಕು, ಊರ ಆಡಳಿತದ ನೆರವು ನಗದಾಗಿಯೋ ವಸ್ತುರೂಪದಲ್ಲೋ ಇರಬೇಕು. ಹಿಂದೆ ಒಮ್ಮೆಯಾದರೂ ನಡೆಸಿರಬೇಕು ಎಂಬುದು ಮುಖ್ಯ. ಹಾಗಾಗಿ ಮೊದಲ ವರ್ಷದ ಹಬ್ಬವನ್ನು ಊರಿನ ಹಣದಲ್ಲಿ ಚಿಕ್ಕದಾಗಿ ಮಾಡಿ, ಫೋಟೋ, ಲೆಕ್ಕ ಇಟ್ಟುಕೊಂಡು, ಎರಡನೆಯ ಸಲಕ್ಕೆ ಇಲ್ಲಿ ಬನ್ನಿ.

ಕೆನಡಾ ಕೌನ್ಸಿಲ್ ಫಾರ್ ದಿ ಆರ್ಟ್ಸ್‌ನಲ್ಲಿ ಕೆನಡಾದ ಮೂಲನಿವಾಸಿಗಳಾದ ಫಸ್ಟ್ ನೇಷನ್ಸ್, ಇನುಯಿಟ್, ಮೆಟಿ ಜನರಿಗೆಂದೇ "ಕ್ರಿಯೇಟಿಂಗ್, ನೋಯಿಂಗ್ ಆಂಡ್ ಶೇರಿಂಗ್" ಎಂಬ ಯೋಜನೆ ಇದೆ. ಅರ್ಜಿ ನೋಡುವವರು ಅದೇ ಕ್ಷೇತ್ರದ ಕಲಾವಿದರು, ಅಧಿಕಾರಿಗಳಲ್ಲ. ಹಾಗಾಗಿ ಇಲ್ಲಿ ಕಲೆಯ ಬಗ್ಗೆ ಬರೆಯಿರಿ. ಯಾರು ಹಾಡುತ್ತಾರೆ, ಯಾರಿಂದ ಕಲಿತರು, ಯಾರಿಗೆ ಕಲಿಸುತ್ತಾರೆ? ಗಮನಿಸಿ, ಇಲ್ಲಿ ಮೊದಲು ಆನ್‌ಲೈನ್ ಪ್ರೊಫೈಲ್ ಮಾಡಿ ಅದಕ್ಕೆ ಒಪ್ಪಿಗೆ ಸಿಗಬೇಕು. ಅದಕ್ಕೇ 30 ದಿನ ಬೇಕಾಗಬಹುದು. ಪ್ರೊಫೈಲ್ ಇನುಯಿಟ್ ಗುಂಪಿನ ಹೆಸರಲ್ಲಿ ಇರಬೇಕು, ನಿಮ್ಮ ಹೆಸರಲ್ಲಿ ಅಲ್ಲ.

ಕ್ಯಾನ್‌ನಾರ್ ಅಂದರೆ ಉತ್ತರದ ಆರ್ಥಿಕ ಅಭಿವೃದ್ಧಿ ಸಂಸ್ಥೆ, ಇಕಾಲುಯಿಟ್‌ನಲ್ಲಿ ಅದರ ಕೇಂದ್ರ ಕಚೇರಿ. ಹಬ್ಬದಿಂದ ಪ್ರವಾಸಿಗರು ಬರುತ್ತಾರೆ, ಕರಕುಶಲ ವಸ್ತು ಮಾರಾಟವಾಗುತ್ತದೆ ಎಂದು ತೋರಿಸಬಲ್ಲ ದೊಡ್ಡ ಹಬ್ಬಕ್ಕೆ ಇದು. ಇದರ ವ್ಯಾಪ್ತಿ ಮೂರು ಟೆರಿಟರಿಗಳು (ಯೂಕಾನ್, ವಾಯವ್ಯ ಟೆರಿಟರಿ, ನುನಾವುಟ್) ಮಾತ್ರ. ನುನಾವಿಕ್, ನುನಾಟ್ಸಿಯಾವುಟ್‌ನವರು ಇಲ್ಲಿ ಅರ್ಜಿ ಹಾಕಿ ಸುಮ್ನೆ ಸಮಯ ಕಳೆಯಬೇಡಿ.

ಇವಲ್ಲದೆ 2012ರಿಂದ ಕೊಡುತ್ತಿರುವ ಆರ್ಕ್ಟಿಕ್ ಇನ್‌ಸ್ಪಿರೇಷನ್ ಪ್ರೈಜ್ ಇದೆ. ಅತಿ ದೊಡ್ಡ ಬಹುಮಾನ 10 ಲಕ್ಷ ಡಾಲರ್, ಯುವಕರ ವಿಭಾಗದಲ್ಲಿ 1 ಲಕ್ಷ ಡಾಲರ್‌ವರೆಗೆ. ಒಂದು ವಾರಾಂತ್ಯದ ಹಬ್ಬಕ್ಕಲ್ಲ, ಹಲವು ಊರುಗಳನ್ನು ಸೇರಿಸಿ ವರ್ಷಗಟ್ಟಲೆ ನಡೆಯುವ ಕೆಲಸಕ್ಕೆ. ದಕ್ಷಿಣದ, ಅಂದರೆ ದಕ್ಷಿಣ ಕೆನಡಾದ, ದತ್ತಿ ಸಂಸ್ಥೆಗಳನ್ನೂ ಕೇಳಬಹುದು. 2022ರ ಕಾನೂನು ತಿದ್ದುಪಡಿಯ ಮೇಲೆ ಅವು ದತ್ತಿ ನೋಂದಣಿ ಇಲ್ಲದ ಗುಂಪುಗಳಿಗೂ ಕೆಲವು ಷರತ್ತಿನ ಮೇಲೆ ಹಣ ಕೊಡಬಹುದು. ಗಣಿ ಕಂಪನಿಗಳೂ ಪ್ರಾಯೋಜಕರಾಗಲು ಮುಂದೆ ಬರುತ್ತವೆ. ಆ ಹಣ ತೆಗೆದುಕೊಳ್ಳಬೇಕೋ ಬೇಡವೋ ಎಂಬುದು ಊರಿನಲ್ಲಿ ಸೂಕ್ಷ್ಮ ವಿಷಯ. ನೀವು ತೀರ್ಮಾನಿಸಬೇಡಿ, ಕಮಿಟಿಯ ಮುಂದೆ ಇಡಿ. ರೇಡಿಯೋ ಬಿಂಗೋ, ಅಂದರೆ ರೇಡಿಯೋದಲ್ಲಿ ಸಂಖ್ಯೆ ಕೂಗಿ ಆಡಿಸುವ ತಂಬೋಲಾ ಥರದ ಆಟ, ಉತ್ತರದ ಊರುಗಳಲ್ಲಿ ಹಣ ಕೂಡಿಸುವ ಹಳೆಯ ದಾರಿ, ಚೆನ್ನಾಗಿ ನಡೆಯುತ್ತದೆ, ಆದರೆ ಲಾಟರಿ ಲೈಸೆನ್ಸ್ ಬೇಕು.

ಹಂತ 5: ಬಜೆಟ್

ದಕ್ಷಿಣದ ಬಜೆಟ್ ಮಾದರಿ ಇಲ್ಲಿ ನಡೆಯುವುದಿಲ್ಲ. ನುನಾವುಟ್‌ನಲ್ಲಿ ಒಂದು ಊರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ. ನುನಾವಿಕ್‌ನಲ್ಲೂ ಹಾಗೇ. ಬೇರೆ ಊರಿನ ಹತ್ತು ಜನರನ್ನು ಕರೆಸುವುದು ಅಂದರೆ ಹತ್ತು ವಿಮಾನ ಟಿಕೆಟ್. ಹೆಚ್ಚಿನ ಹಬ್ಬಗಳಲ್ಲಿ ಪ್ರಯಾಣವೇ ಅತಿ ದೊಡ್ಡ ಸಾಲು.

ಅದರಲ್ಲೂ ದಾರಿ ಸುತ್ತು. ಪಶ್ಚಿಮ ನುನಾವುಟ್‌ನ ಕೇಂಬ್ರಿಡ್ಜ್ ಬೇಯ ಕುಣಿತದವರು ಇಕಾಲುಯಿಟ್‌ಗೆ ಬರಬೇಕಾದರೆ ಸಾಮಾನ್ಯವಾಗಿ ಮೊದಲು ವಾಯವ್ಯ ಟೆರಿಟರಿಯ ಯೆಲ್ಲೋನೈಫ್‌ಗೆ ಇಳಿಯುತ್ತಾರೆ. ಲ್ಯಾಬ್ರಡಾರ್ ಕರಾವಳಿಯ ನೈನ್ ಊರಿನವರು ಮೊದಲು ಗೂಸ್ ಬೇಗೆ ಹಾರಬೇಕು. ನಡುವೆ ಒಂದು ರಾತ್ರಿ ಹೋಟೆಲ್ ಬೇಕಾಗುತ್ತದೆ. ಗ್ರೀನ್‌ಲ್ಯಾಂಡ್‌ನಿಂದ ಕರೆಸುವುದಾದರೆ, 2024ರ ಬೇಸಿಗೆಯಲ್ಲಿ ನೂಕ್ ಮತ್ತು ಇಕಾಲುಯಿಟ್ ನಡುವೆ ನೇರ ವಿಮಾನ ಮತ್ತೆ ಶುರುವಾಯಿತು, ಆದರೆ ಅದು ಬೇಸಿಗೆಗೆ ಮಾತ್ರ. ಗ್ರೀನ್‌ಲ್ಯಾಂಡ್ ಕಡೆಯ ಖರ್ಚಿಗೆ ನೂಕ್‌ನಲ್ಲಿರುವ ನಾರ್ಡಿಕ್ ಸಂಸ್ಥೆ ನಾಪಾವನ್ನು ಅಲ್ಲಿನ ತಂಡವೇ ಕೇಳಬಹುದು. ಅಲಾಸ್ಕಾದವರು ಬರುವುದಾದರೆ ಒಂದು ಮಾತು ಮೊದಲೇ ತಿಳಿಸಿ. ಕಡಲ ಸಸ್ತನಿಗಳ ರಕ್ಷಣೆಗೆ ಇರುವ 1972ರ ಅಮೆರಿಕದ ಕಾನೂನಿನಿಂದಾಗಿ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮದ ವಸ್ತು ಕೊಂಡು ಹಿಂದಿರುಗಿದರೆ ಗಡಿಯಲ್ಲಿ ಹಿಡಿಯಬಹುದು.

ಟಿಕೆಟ್ ದರಕ್ಕೆ ವಿಮಾನ ಕಂಪನಿಯಿಂದ ಬರಹದಲ್ಲಿ ಕೊಟೇಶನ್ ತೆಗೆದುಕೊಳ್ಳಿ. ಆಫರ್ ದರ ನೋಡಿ ಬಜೆಟ್ ಹಾಕಬೇಡಿ. ಗುಂಪು ರಿಯಾಯಿತಿ, ಪ್ರಾಯೋಜಕತ್ವ ಎರಡನ್ನೂ ಕೇಳಿ. ಬಿಟ್ಟಿ ಟಿಕೆಟ್ ಸಿಕ್ಕರೆ ಅದನ್ನು ವಸ್ತುರೂಪದ ಕೊಡುಗೆ ಅಂತ ಆದಾಯದಲ್ಲೂ ಖರ್ಚಿನಲ್ಲೂ ಅದೇ ಮೊತ್ತಕ್ಕೆ ತೋರಿಸಿ. ಶಾಲೆಯ ಜಿಮ್, ಹ್ಯಾಮ್ಲೆಟ್‌ನ ಟ್ರಕ್, ಸ್ವಯಂಸೇವಕರ ಕೆಲಸ ಇವೂ ಅದೇ ಲೆಕ್ಕ.

ಡ್ರಮ್ ದೊಡ್ಡದು, ಚೌಕಟ್ಟು ನಾಜೂಕು. ಚಿಕ್ಕ ವಿಮಾನದಲ್ಲಿ ಅದಕ್ಕೆ ಹೆಚ್ಚುವರಿ ಸಾಮಾನಿನ ದರ ಬೀಳಬಹುದು. ಇದನ್ನು ಮರೆಯುವವರು ಬಹಳ.

ವಸತಿ ಇನ್ನೊಂದು ಕಷ್ಟ. ಹೋಟೆಲ್ ಇದ್ದರೆ ಊರಿಗೆ ಒಂದೋ ಎರಡೋ, ಅದೂ ಕೆಲಸಗಾರರಿಂದ ತುಂಬಿರುತ್ತದೆ. "ಮನೆಗಳಲ್ಲಿ ಉಳಿಸಿಕೊಳ್ಳುತ್ತೇವೆ" ಅಂತ ಬರೆಯುವುದು ಸುಲಭ. 2021ರ ಜನಗಣತಿ ಪ್ರಕಾರ ಇನುಯಿಟ್ ನುನಾಂಗಟ್‌ನಲ್ಲಿರುವ ಇನುಯಿಟ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜಾಗ ಸಾಲದ ಮನೆಗಳಲ್ಲಿದ್ದಾರೆ. ಅತಿಥಿ ಉಳಿಸಿಕೊಳ್ಳುವ ಮನೆಗೆ ದಿನಕ್ಕಿಷ್ಟು ಅಂತ ಹಣ ಇಡಿ. ಯುವಕರ ತಂಡವನ್ನು ಶಾಲೆಯಲ್ಲಿ ಮಲಗಿಸುವುದಾದರೆ ಹಾಸಿಗೆ, ರಾತ್ರಿ ಕಾವಲು, ಸ್ವಚ್ಛತೆ ಲೆಕ್ಕಕ್ಕೆ ಬರಲಿ.

ಹಿರಿಯರಿಗೆ ಗೌರವಧನ ಇಡಿ, ಸಂಕೋಚ ಬೇಡ. ಅವರು ಊರಿನ ವಿದ್ವಾಂಸರು. ದಕ್ಷಿಣದಿಂದ ಬರುವ ಧ್ವನಿ ತಂತ್ರಜ್ಞನಿಗೆ ದಿನಕ್ಕೆ ಎಷ್ಟು ಕೊಡುತ್ತೀರೋ ಅದಕ್ಕಿಂತ ಕಡಿಮೆ ಹಿರಿಯರಿಗೆ ಬರೆದಿದ್ದರೆ ಆ ಬಜೆಟ್ ತಿದ್ದಿ. ಎರಡು ವ್ಯಾವಹಾರಿಕ ವಿಷಯ ಇವೆ. ಸೇವೆಗೆ ಕೊಟ್ಟ ಹಣ ವರ್ಷಕ್ಕೆ 500 ಡಾಲರ್ ದಾಟಿದರೆ ಟಿ4ಎ ಎಂಬ ತೆರಿಗೆ ಚೀಟಿ ಕೊಡಬೇಕಾಗಬಹುದು. ಸರ್ಕಾರಿ ಮನೆ ಬಾಡಿಗೆ, ಆದಾಯ ನೆರವಿನ ಮೇಲೆ ಇದರ ಪರಿಣಾಮ ಇದೆಯೇ ಅಂತ ಕೊಡುವ ಮೊದಲೇ ವಿಚಾರಿಸಿ ಅವರಿಗೆ ತಿಳಿಸಿ. ಎರಡನೆಯದು, ನುನಾವುಟ್‌ನ ಹೆಚ್ಚಿನ ಊರುಗಳಲ್ಲಿ ಬ್ಯಾಂಕ್ ಶಾಖೆ ಇಲ್ಲ. ಚೆಕ್ಕನ್ನು ಊರಿನ ಕೋಆಪ್ (ಸಹಕಾರಿ ಅಂಗಡಿ) ಅಥವಾ ನಾರ್ದರ್ನ್ ಎಂಬ ಅಂಗಡಿಯಲ್ಲಿ ನಗದು ಮಾಡಿಸುತ್ತಾರೆ. ಒಂದೇ ದಿನ ಇಪ್ಪತ್ತು ಚೆಕ್ ಕೊಡುವುದಾದರೆ ಅಂಗಡಿ ಮ್ಯಾನೇಜರ್‌ಗೆ ಮೊದಲೇ ಹೇಳಿ, ನಗದು ಸಾಲದೆ ಹೋಗಬಾರದು.

ಊಟದ ಲೆಕ್ಕ ಬಜೆಟ್‌ನ ಹೃದಯ. ಕಂಟ್ರಿ ಫುಡ್ ಅಂದರೆ ನೆಲ, ನೀರಿನಿಂದ ಬೇಟೆಯಾಡಿ ತಂದ ಆಹಾರ: ಕ್ಯಾರಿಬೂ ಜಿಂಕೆ, ಆರ್ಕ್ಟಿಕ್ ಚಾರ್ ಮೀನು, ಸೀಲ್, ತಿಮಿಂಗಿಲದ ಚರ್ಮ. ಇದಿಲ್ಲದೆ ಹಬ್ಬ ಇಲ್ಲ. ಊರಿನ ಬೇಟೆಗಾರರ ಸಂಘ, ಎಲ್ಲರೂ ಎಚ್‌ಟಿಒ ಅನ್ನುವುದು, ಅವರ ಮೂಲಕ ಕೊಳ್ಳಿ. ಬೇಟೆಗಾರರಿಗೆ ಪೆಟ್ರೋಲ್, ಗುಂಡು, ಸ್ನೋಮೊಬೈಲ್ ಬಿಡಿಭಾಗದ ಖರ್ಚು ಇರುತ್ತದೆ. ಮಾಂಸ ಕೊಳ್ಳುವ ಬದಲು ಬೇಟೆಯ ಖರ್ಚು ಕೊಡುವುದು ಇನ್ನೊಂದು ದಾರಿ. ಯಾವುದು ಸರಿ ಅಂತ ಎಚ್‌ಟಿಒ ಹೇಳಲಿ. ಜಿಂಕೆಗೆ ಮಿತಿ ಇರುವ ಕಡೆ ಎಚ್ಚರ. ಬಾಫಿನ್ ದ್ವೀಪದಲ್ಲಿ 2015ರಲ್ಲಿ ಕ್ಯಾರಿಬೂ ಬೇಟೆಯನ್ನೇ ನಿಲ್ಲಿಸಿ, ಆಮೇಲೆ ಮಿತಿಯ ಮೇಲೆ ಬಿಟ್ಟರು. ಕಾಡು ಮಾಂಸ ಬಡಿಸುವ ಬಗ್ಗೆ ಆರೋಗ್ಯ ಅಧಿಕಾರಿಯ ಜೊತೆಗೂ ಒಮ್ಮೆ ಮಾತಾಡಿ.

ಭಾಷೆಗೆ ಬೇರೆ ಸಾಲು ಇರಲಿ: ಭಾಷಾಂತರಕಾರರು, ಎರಡು ಭಾಷೆಯ ಪೋಸ್ಟರ್, ಪಠ್ಯ ತಿದ್ದುವವರು. ನುನಾವುಟ್‌ನಲ್ಲಿ 2008ರ ಭಾಷಾ ರಕ್ಷಣೆ ಕಾಯ್ದೆ ಪ್ರಕಾರ ಸಾರ್ವಜನಿಕ ಫಲಕಗಳಲ್ಲಿ ಇನುಯಿಟ್ ಭಾಷೆ ಇರಲೇಬೇಕು. ಪಶ್ಚಿಮದ ಊರುಗಳಲ್ಲಿ ರೋಮನ್ ಲಿಪಿ, ಪೂರ್ವದಲ್ಲಿ ಸಿಲಬಿಕ್ಸ್ ಎಂಬ ಬೇರೆ ಲಿಪಿ. ಹಲವು ಊರಿನವರು ಸೇರುವ ಹಬ್ಬಕ್ಕೆ ಎರಡೂ ಬೇಕಾಗಬಹುದು.

ಹವಾಮಾನಕ್ಕೆಂದು ಹಣ ಇಡದ ಬಜೆಟ್ ಉತ್ತರದ ಬಜೆಟ್ ಅಲ್ಲ. ಹಿಮಗಾಳಿ ಬಂದರೆ ವಿಮಾನ ಎರಡು ಮೂರು ದಿನ ನಿಲ್ಲುತ್ತದೆ. ಅಷ್ಟೂ ದಿನ ಅತಿಥಿಗಳಿಗೆ ಊಟ, ವಸತಿ ಬೇಕು. "ಅನಿರೀಕ್ಷಿತ ಖರ್ಚು" ಎಂಬ ಸಾಲನ್ನು ಕೆಲವು ಕಡೆ ಒಪ್ಪುವುದಿಲ್ಲ. ಅಂಥ ಕಡೆ ಅದನ್ನೇ "ಹೆಚ್ಚುವರಿ ಎರಡು ರಾತ್ರಿಯ ವಸತಿ" ಅಂತ ಸ್ಪಷ್ಟವಾಗಿ ತೋರಿಸಿ, ಕಾರಣ ಬರೆಯಿರಿ.

ಹಂತ 6: ಅರ್ಜಿ ಬರೆಯುವಾಗ

ಫಾರಂ ತೆರೆಯುವ ಮೊದಲು ಕಾರ್ಯಕ್ರಮ ಅಧಿಕಾರಿಗೆ ಫೋನ್ ಮಾಡಿ. ಅವರ ಕೆಲಸವೇ ಅದು. "ನಮ್ಮ ಹಬ್ಬ ಇಂಥದ್ದು, ಇದು ನಿಮ್ಮಲ್ಲಿ ನಡೆಯುತ್ತದೆಯೇ" ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಫೋನ್ ಕಾಲ್‌ನಲ್ಲಿ ಕಮಿಟಿಯ ಇನುಯಿಟ್ ಸದಸ್ಯರೊಬ್ಬರು ಇರಲಿ. ಕಮಿಟಿಯವರು ಬರೆಯುವ ಬದಲು ಮಾತಿನಲ್ಲಿ ಹೇಳುವುದನ್ನು ಇಷ್ಟಪಟ್ಟರೆ, ಆಡಿಯೋ ಅಥವಾ ವಿಡಿಯೋದಲ್ಲಿ ಕೊಡಬಹುದೇ ಅಂತ ಅದೇ ಕರೆಯಲ್ಲಿ ಕೇಳಿ.

ಬರೆಯುವಾಗ ದೊಡ್ಡ ಮಾತು ಬೇಡ. "ಅಳಿಯುತ್ತಿರುವ ಸಂಸ್ಕೃತಿಯನ್ನು ಉಳಿಸುತ್ತೇವೆ" ಎಂಬಂಥ ವಾಕ್ಯ ಊರಿನವರಿಗೂ ಹಿಡಿಸುವುದಿಲ್ಲ, ತೀರ್ಪುಗಾರರಿಗೂ ಹಿಡಿಸುವುದಿಲ್ಲ. ಅದು ಅಳಿಯುತ್ತಿಲ್ಲ, ಜನ ಅದನ್ನು ಬದುಕುತ್ತಿದ್ದಾರೆ. ಬದಲಿಗೆ ಹೀಗೆ ಬರೆಯಿರಿ: ನಮ್ಮ ಊರಿನಲ್ಲಿ ಇಷ್ಟು ಜನ ಡ್ರಮ್ ಕುಣಿತ ಬಲ್ಲವರಿದ್ದಾರೆ, ಇಷ್ಟು ಮಕ್ಕಳು ಕಲಿಯಲು ಬಂದಿದ್ದಾರೆ, ಪಕ್ಕದ ಊರಿನ ಇಬ್ಬರು ಹಿರಿಯರಿಗೆ ಮಾತ್ರ ಗೊತ್ತಿರುವ ಹಾಡುಗಳನ್ನು ಕಲಿಸಲು ಅವರನ್ನು ಕರೆಸುತ್ತೇವೆ.

ಸ್ಟ್ಯಾಕಿಂಗ್ ಲಿಮಿಟ್ ಎಂಬ ಮಾತು ಅರ್ಜಿಯಲ್ಲಿ ಬರುತ್ತದೆ. ಎಲ್ಲ ಸರ್ಕಾರಗಳಿಂದ ಬರುವ ಒಟ್ಟು ಹಣ ಖರ್ಚಿನ ಇಂತಿಷ್ಟು ಪಾಲು ದಾಟಬಾರದು ಎಂಬ ಮಿತಿ ಅದು. ಬೇರೆ ಕಡೆ ಹಾಕಿದ ಅರ್ಜಿಗಳನ್ನು ಮುಚ್ಚಿಡಬೇಡಿ. "ಖಚಿತ", "ಉತ್ತರಕ್ಕೆ ಕಾಯುತ್ತಿದ್ದೇವೆ" ಎಂದು ಎರಡು ಕಾಲಂ ಮಾಡಿ ಎಲ್ಲವನ್ನೂ ತೋರಿಸಿ. ಒಂದೇ ಖರ್ಚನ್ನು ಇಬ್ಬರಿಗೆ ತೋರಿಸುವುದು ಮಾತ್ರ ಯಾವತ್ತೂ ಬೇಡ.

ಹಬ್ಬದಲ್ಲಿ ನಡೆಸುವ ಆಟಗಳ ಬಹುಮಾನದ ಹಣವನ್ನು ಹೆಚ್ಚಿನ ಅನುದಾನಗಳು ಕೊಡುವುದಿಲ್ಲ. ಅದನ್ನು ಬಿಂಗೋ ಹಣದಿಂದಲೋ ಪ್ರಾಯೋಜಕರಿಂದಲೋ ನೋಡಿಕೊಳ್ಳಿ.

ಕೊನೆಯ ದಿನ ಅಪ್‌ಲೋಡ್ ಮಾಡಲು ಕೂರಬೇಡಿ. ಗಾಳಿ ಜೋರಾದರೆ ಇಂಟರ್ನೆಟ್ ಹೋಗುತ್ತದೆ. ಮತ್ತೆ, ಗಡುವಿನ ಗಂಟೆ ಯಾವ ಟೈಮ್ ಝೋನ್‌ನದು ಎಂದು ನೋಡಿ. ನುನಾವುಟ್ ಒಂದರಲ್ಲೇ ಮೂರು ಟೈಮ್ ಝೋನ್ ಇವೆ.

ಹಂತ 7: ಒಪ್ಪಿಗೆ ಪತ್ರ ಬಂದ ಮೇಲೆ

ಬಂದಿರುವುದು ಗ್ರಾಂಟೋ ಕಾಂಟ್ರಿಬ್ಯೂಷನ್ನೋ ನೋಡಿ. ಗ್ರಾಂಟ್ ಅಂದರೆ ಷರತ್ತು ಪೂರೈಸಿದರೆ ಸಾಕು, ಬಿಲ್‌ಗಳ ಲೆಕ್ಕ ಕಡಿಮೆ. ಕಾಂಟ್ರಿಬ್ಯೂಷನ್ ಅಂದರೆ ಪ್ರತಿ ಖರ್ಚಿಗೂ ರಸೀದಿ ಬೇಕು, ಉಳಿದ ಹಣ ವಾಪಸ್. ಕೊನೆಯ ಕಂತನ್ನು ವರದಿ ಬಂದ ಮೇಲೆ ಕೊಡುತ್ತಾರೆ. ಅಲ್ಲಿಯವರೆಗೆ ಆ ಮೊತ್ತವನ್ನು ಯಾರು ಕೈಯಿಂದ ಹಾಕುತ್ತಾರೆ? ಇದಕ್ಕೂ ಹ್ಯಾಮ್ಲೆಟ್ ಜೊತೆ ಇದ್ದರೆ ಅನುಕೂಲ.

ಒಪ್ಪಂದದಲ್ಲಿರುವ ಆರಂಭ ದಿನಾಂಕಕ್ಕೆ ಮೊದಲು ಮಾಡಿದ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ. ಕೇಳಿದ್ದಕ್ಕಿಂತ ಕಡಿಮೆ ಬಂದರೆ ಹೊಸ ಬಜೆಟ್ ಮಾಡಿ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಯಾವುದನ್ನು ಕಡಿಮೆ ಮಾಡಬೇಕು ಎಂಬುದನ್ನು ಕಮಿಟಿ ಹೇಳಲಿ. ಹಿರಿಯರ ಗೌರವಧನದ ಸಾಲಿಗೆ ಕತ್ತರಿ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಹಂತ 8: ಹಬ್ಬದ ವಾರ

ರಸೀದಿಗೆ ಒಂದು ದೊಡ್ಡ ಲಕೋಟೆ, ಒಬ್ಬರು ಜವಾಬ್ದಾರರು. ಗೌರವಧನಕ್ಕೆ ಸಹಿ ಹಾಕಿಸುವ ಹಾಳೆ ಇರಲಿ. ವಿಮಾನದ ಬೋರ್ಡಿಂಗ್ ಪಾಸ್ ಇಟ್ಟುಕೊಳ್ಳಲು ಅತಿಥಿಗಳಿಗೆ ಹೇಳಿ.

ಹಬ್ಬ ಶುರುವಾಗುವುದು ಕುಲ್ಲಿಕ್ ಹಚ್ಚುವುದರಿಂದ. ಕಲ್ಲಿನ ದೀಪ ಅದು, ಸೀಲ್ ಎಣ್ಣೆಯಲ್ಲಿ ಉರಿಯುತ್ತದೆ. ಶಾಲೆಯ ಜಿಮ್‌ನಲ್ಲಿ ಹೊಗೆ ಅಲಾರಂ ಇರುತ್ತದೆ, ಮೊದಲೇ ತಿಳಿಸಿ. ಕೆಲವು ಊರುಗಳಲ್ಲಿ ಮದ್ಯ ಪೂರ್ತಿ ನಿಷೇಧ, ಹೊರಗಿನ ಅತಿಥಿಗಳಿಗೆ ಹೊರಡುವ ಮೊದಲೇ ಹೇಳಿ.

ರೆಕಾರ್ಡಿಂಗ್ ಬಗ್ಗೆ ಬಹಳ ಜಾಗ್ರತೆ. ಡ್ರಮ್ ಕುಣಿತದ ಎಷ್ಟೋ ಹಾಡುಗಳು ಒಬ್ಬೊಬ್ಬ ವ್ಯಕ್ತಿಯ ಸ್ವಂತ ಹಾಡುಗಳು. ಅವರ ಬದುಕು, ಬೇಟೆ, ದುಃಖ ಅದರಲ್ಲಿದೆ, ಅವರ ಕಾಲದ ನಂತರ ಮನೆಯವರದ್ದು. ಅನುದಾನ ಕೊಟ್ಟವರು ವಿಡಿಯೋ ಕೇಳಿದರು ಅಂತ ಎಲ್ಲವನ್ನೂ ಚಿತ್ರಿಸಿ ಕಳಿಸಬೇಡಿ. ಯಾವುದನ್ನು ಚಿತ್ರಿಸಬಹುದು, ಎಲ್ಲಿ ತೋರಿಸಬಹುದು, ಪ್ರತಿ ಎಲ್ಲಿರುತ್ತದೆ ಅಂತ ಹಾಡುವವರನ್ನೇ ಅವರ ಭಾಷೆಯಲ್ಲಿ ಕೇಳಿ ಒಪ್ಪಿಗೆ ಬರೆಸಿಕೊಳ್ಳಿ. ಬೇಡ ಅಂದರೆ ಬೇಡ.

ಊರಿನಲ್ಲಿ ಸಾವಾದರೆ ಹಬ್ಬ ಮುಂದೂಡುತ್ತಾರೆ. ಆ ತೀರ್ಮಾನಕ್ಕೆ ಎದುರು ಮಾತಾಡಬೇಡಿ. ಅನುದಾನ ಕೊಟ್ಟವರಿಗೆ ಅದೇ ದಿನ ಇಮೇಲ್ ಹಾಕಿ ಹೊಸ ದಿನಾಂಕ ಆಮೇಲೆ ತಿಳಿಸುತ್ತೇವೆ ಅನ್ನಿ. ಉತ್ತರದಲ್ಲಿ ಕೆಲಸ ಮಾಡುವ ಅಧಿಕಾರಿಗಳಿಗೆ ಇದು ಅರ್ಥವಾಗುತ್ತದೆ, ಹೇಳದೆ ದಿನಾಂಕ ಬದಲಿಸಿದರೆ ಮಾತ್ರ ತೊಂದರೆ.

ಹಂತ 9: ವರದಿ ಮತ್ತು ಲೆಕ್ಕ

ಹಬ್ಬ ಮುಗಿದ ಎರಡು ವಾರದೊಳಗೆ ಕೂತು ಬರೆಯಿರಿ. ಅಷ್ಟರಲ್ಲಿ ನೆನಪು ಹಸಿಯಾಗಿರುತ್ತದೆ, ಕಳೆದ ರಸೀದಿ ಸಿಗುವ ಅವಕಾಶವೂ ಇರುತ್ತದೆ. ಎಷ್ಟು ಜನ ಬಂದರು ಎಂಬುದಕ್ಕೆ ದಿನವೂ ಒಬ್ಬರು ಬಾಗಿಲಲ್ಲಿ ಎಣಿಸಿದ ಸಂಖ್ಯೆ ಇರಲಿ, ಅಂದಾಜು ಬೇಡ. ಬಜೆಟ್‌ಗೂ ಖರ್ಚಿಗೂ ದೊಡ್ಡ ವ್ಯತ್ಯಾಸ ಇದ್ದ ಸಾಲುಗಳಿಗೆ ಒಂದು ವಾಕ್ಯದ ಕಾರಣ ಬರೆಯಿರಿ. "ಹಿಮಗಾಳಿಯಿಂದ ಆರು ಅತಿಥಿಗಳು ಎರಡು ದಿನ ಹೆಚ್ಚು ಉಳಿದರು" ಎಂದರೆ ಸಾಕು.

ಕಳಿಸುವ ಮೊದಲು ವರದಿಯನ್ನು ಕಮಿಟಿಯ ಸಭೆಯಲ್ಲಿ ಓದಿ ಹೇಳಿ, ಭಾಷಾಂತರದ ಜೊತೆ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಒಂದು ಪ್ರತಿ ಹ್ಯಾಮ್ಲೆಟ್ ಕಚೇರಿಯಲ್ಲಿ, ಒಂದು ಕಮಿಟಿಯ ಕೈಯಲ್ಲಿ ಇರಲಿ. ಅರ್ಜಿಯ ಫೈಲ್, ಕೊಟೇಶನ್, ಪಾಸ್‌ವರ್ಡ್ ಎಲ್ಲವನ್ನೂ ಅವರಿಗೆ ಒಪ್ಪಿಸಿ. ಉತ್ತರದ ಊರುಗಳಿಗೆ ಬರುವ ಹೊರಗಿನವರಲ್ಲಿ ಹಲವರು ಎರಡು ಮೂರು ವರ್ಷದಲ್ಲಿ ಹೊರಟುಬಿಡುತ್ತಾರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದ್ದರೆ ಮುಂದಿನ ಹಬ್ಬಕ್ಕೆ ಅವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಎರಡನೆಯ ವರ್ಷದ ಅರ್ಜಿಯನ್ನು ಊರಿನ ಯುವಕರೊಬ್ಬರು ಬರೆಯಲಿ, ನೀವು ಪಕ್ಕದಲ್ಲಿ ಕೂತು ನೋಡಿ. ಅವರ ಸಮಯಕ್ಕೆ ಹಣವನ್ನು ಬಜೆಟ್‌ನಲ್ಲೇ ಇಡಬಹುದು.

ಒಂದು ವರದಿ ಬಾಕಿ ಇದ್ದರೂ ಅದೇ ಕಡೆಯ ಹೊಸ ಅರ್ಜಿಯನ್ನು ಸಾಮಾನ್ಯವಾಗಿ ಮುಂದಕ್ಕೆ ಒಯ್ಯುವುದಿಲ್ಲ. ಬೇಸಿಗೆಯ ಹಬ್ಬ ಮುಗಿಯುವಷ್ಟರಲ್ಲಿ ಮುಂದಿನ ವರ್ಷದ ಹಬ್ಬಕ್ಕೆ ಅರ್ಜಿ ಹಾಕುವ ಶರತ್ಕಾಲದ ಗಡುವು ಹತ್ತಿರ ಬಂದಿರುತ್ತದೆ. ಹಾಗಾಗಿ ಹಳೆಯ ವರದಿ ಸೆಪ್ಟೆಂಬರ್ ಒಳಗೆ ಹೋಗಿರಲಿ.